ಚಂದ್ರನ ಗಾಜು: ಉಸಿರಿಗೊಂದು, ಕರೆಂಟಿಗೊಂದು

ಬರ್ಲಿನ್‌ನಿಂದ ಮಾತಾಡ್ತಿದ್ದೇನೆ. ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಚಂದ್ರನ ಮಣ್ಣಿನಂಥದ್ದೇ ಪುಡಿಯನ್ನು ತಯಾರಿಸ್ತಾರೆ. ಪಕ್ಕದ ಪಾಟ್ಸ್‌ಡ್ಯಾಮ್ ವಿಶ್ವವಿದ್ಯಾಲಯದ ಫೆಲಿಕ್ಸ್ ಲಾಂಗ್ ಮತ್ತು ಸಂಗಡಿಗರು ಆ ಪುಡಿಯನ್ನು ಕರಗಿಸಿ ಗಾಜು ಮಾಡಿದರು. ಅದರ ಮೇಲೆ ಪೆರೋವ್‌ಸ್ಕೈಟ್ ಅನ್ನೋ ವಸ್ತುವಿನ ತೆಳು ಪದರ ಕೂರಿಸಿದರು. ಸೋಲಾರ್ ಸೆಲ್ ಸಿದ್ಧ! 2025ರಲ್ಲಿ ಫಲಿತಾಂಶ ಪ್ರಕಟವಾಯಿತು. ದಕ್ಷತೆ ಸುಮಾರು ಶೇ. 10. ಕಡಿಮೆ ಅನ್ನಿಸಬಹುದು. ಆದರೆ ಭಾರವಾದ ಗಾಜನ್ನು ಭೂಮಿಯಿಂದ ಹೊತ್ತೊಯ್ಯದಿದ್ದರೆ ಸೋಲಾರ್ ಸೆಲ್‌ಗಾಗಿ ರಾಕೆಟ್ ಹೊರುವ ತೂಕ ಶೇ. 99ಕ್ಕೂ ಹೆಚ್ಚು ಇಳಿಯುತ್ತೆ ಅನ್ನೋದು ಅವರ ಲೆಕ್ಕ. ಮಾಮೂಲಿ ಗಾಜು ವಿಕಿರಣಕ್ಕೆ ಸಿಕ್ಕಿ ಕಂದುತ್ತಾ ಹೋಗುತ್ತೆ. ಇದು ಹುಟ್ಟಾ ಕಂದು, ಹಾಗಾಗಿ ಅಷ್ಟು ಕೆಡೋದಿಲ್ಲ.

ಚಂದ್ರ ತಾನೇ ಗಾಜು ಮಾಡಿಟ್ಟಿದ್ದಾನೆ, ಗೊತ್ತಾ? 1972ರ ಡಿಸೆಂಬರ್. ಅಪೊಲೊ 17ರ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್, ಶಾರ್ಟಿ ಕುಳಿಯ ಅಂಚಿನಲ್ಲಿ ಬೂದು ದೂಳಿನ ಕೆಳಗೆ ಕಿತ್ತಳೆ ಬಣ್ಣದ ಮಣ್ಣು ಕಂಡರು. ಅದರ ತುಂಬ ಗಾಜಿನ ಗುಂಡುಗಳು. ಸಾಮಾನ್ಯವಾಗಿ ಒಂದೊಂದೂ ಮಿಲಿಮೀಟರಿನ ಇಪ್ಪತ್ತೈದನೇ ಒಂದು ಪಾಲು ಮಾತ್ರ. 350 ಕೋಟಿ ವರ್ಷಕ್ಕೂ ಹಿಂದೆ ಕಾರಂಜಿಯಂತೆ ಚಿಮ್ಮಿದ ಲಾವಾ, ಹರಳುಗಟ್ಟೋಕೂ ಸಮಯವಿಲ್ಲದೆ ತಣಿದು ಹನಿಹನಿಯಾಗಿ ಬಿದ್ದದ್ದು ಇದು.

2008ರಲ್ಲಿ ವಿಜ್ಞಾನಿ ಆಲ್ಬರ್ಟೊ ಸಾಲ್ ಅವರ ತಂಡ ಈ ಗುಂಡುಗಳೊಳಗೇ ನೀರಿನ ಅಂಶ ಪತ್ತೆಹಚ್ಚಿತು. ನಮ್ಮ ಚಂದ್ರಯಾನ-1 ಹೊತ್ತೊಯ್ದಿದ್ದ ನಾಸಾ ಉಪಕರಣದ ಮಾಹಿತಿಯಿಂದಲೇ, 2017ರಲ್ಲಿ ಇಂಥ ಗಾಜಿನ ಹಾಸುಗಳಲ್ಲಿ ನೀರು ಎಲ್ಲೆಲ್ಲಿದೆ ಅನ್ನೋ ನಕ್ಷೆ ಬಂತು. ಆದರೆ ಪ್ರಮಾಣ ತೂಕದ ಶೇ. 0.05 ಅಥವಾ ಅದಕ್ಕೂ ಕಡಿಮೆ. ಒಂದು ಟನ್ ಅಗೆದು ಕಾಯಿಸಿದರೆ ಹೆಚ್ಚೆಂದರೆ ಅರ್ಧ ಲೀಟರ್! ನೀರಿಗಾಗಿ ಇದನ್ನೇ ನಂಬಿ ಕೂರೋದು ನನಗೆ ಸರಿ ಕಾಣಲ್ಲ.

ಆಮ್ಲಜನಕದ ಮಾತೇ ಬೇರೆ. ಕಿತ್ತಳೆ ಗಾಜಿನಲ್ಲಿ ಕಬ್ಬಿಣದ ಆಕ್ಸೈಡ್ ಶೇ. 20ರ ಮೇಲಿದೆ. ಸಾವಿರ ಡಿಗ್ರಿ ದಾಟಿ ಕಾಯಿಸಿ ಹೈಡ್ರೋಜನ್ ಹಾಯಿಸಿದರೆ, ಆ ಆಕ್ಸೈಡಿನ ಆಮ್ಲಜನಕ ನೀರಾಗಿ ಹೊರಬರುತ್ತೆ. ಆ ನೀರನ್ನು ವಿದ್ಯುತ್ತಿನಿಂದ ಒಡೆದರೆ ಉಸಿರಿಗೆ ಆಮ್ಲಜನಕ; ಹೈಡ್ರೋಜನ್ ಮತ್ತೆ ಬಳಕೆಗೆ. ಕಬ್ಬಿಣ ಹೆಚ್ಚಿದ್ದಷ್ಟೂ ಇಳುವರಿ ಹೆಚ್ಚು.

ಸೋಲಾರ್ ಗಾಜಿಗೆ ಇದರ ತದ್ವಿರುದ್ಧ: ಕಬ್ಬಿಣ ಹೆಚ್ಚಾದರೆ ಬೆಳಕೇ ತೂರಲ್ಲ. ಅದಕ್ಕೇ ಪಾಟ್ಸ್‌ಡ್ಯಾಮ್‌ನವರು ಬಳಸಿದ್ದು ಕಬ್ಬಿಣ ಕಡಿಮೆಯಿರುವ, ಚಂದ್ರನ ಎತ್ತರದ ಪ್ರದೇಶದ ಮಣ್ಣನ್ನು ಹೋಲುವ ಪುಡಿ. ಹಾಗಾಗಿ ಚಂದ್ರನ ಮೇಲೆ ಮನೆ ಹೂಡುವವರು ಎರಡೂ ಬಗೆಯ ಮಣ್ಣು ಹತ್ತಿರ ಸಿಗುವ ಜಾಗ ಹುಡುಕಬೇಕು ಅಂತ ನನ್ನ ಅನಿಸಿಕೆ.

ಚಂದ್ರನಲ್ಲಿ ಇಂಥ ಜ್ವಾಲಾಮುಖಿ ಗಾಜಿನ ಅತಿ ದೊಡ್ಡ ಹಾಸು ಅರಿಸ್ಟಾರ್ಕಸ್ ಪ್ರಸ್ಥಭೂಮಿಯ ಮೇಲಿದೆ. ಅದರ ಮಗ್ಗುಲಲ್ಲೇ ಥಳಥಳ ಹೊಳೆಯುವ ಅರಿಸ್ಟಾರ್ಕಸ್ ಕುಳಿಯಿದೆ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಮುಂದಿನ ಹುಣ್ಣಿಮೆಗೆ ಮಕ್ಕಳಿಗೆ ತೋರಿಸಿ.