ಒಂದು ಕರೆ, ಹಲವು ಕಿವಿಗಳು

(ವಿದ್ಯಾರ್ಥಿಗಳು ಮತ್ತು ಸದಸ್ಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಇಂದು ನಮ್ಮೆಲ್ಲರ ಕೈಯಲ್ಲೂ ಮೊಬೈಲ್ ಇದೆ. ಅದರಲ್ಲಿ ನಾವು ಮಾತನಾಡುತ್ತೇವೆ, ಒಬ್ಬರ ಕರೆಗೆ ಇನ್ನೊಬ್ಬರನ್ನು ಸೇರಿಸುತ್ತೇವೆ, ಬ್ಯಾಂಕಿಗೆ ಫೋನ್ ಮಾಡಿ "ಕನ್ನಡಕ್ಕಾಗಿ ಇಂತಹ ಅಂಕಿ ಒತ್ತಿ" ಎಂಬ ದನಿ ಕೇಳಿ ಒತ್ತುತ್ತೇವೆ. ಆದರೆ ಒತ್ತಿದ ಮೇಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಗೊತ್ತಿಲ್ಲದಿದ್ದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಎರಡು ಬಗೆಯದು. ಒಂದು, ಅಗತ್ಯವಿರುವಾಗ ಕರೆ ತಲುಪದೆ ಹೋಗುವುದು. ಇನ್ನೊಂದು, ಇದೇ ತಂತ್ರವನ್ನು ಬಲ್ಲ ಕಳ್ಳನ ಕೈಗೆ ನಮ್ಮ ಹಣ ಹೋಗುವುದು. ಈ ಎರಡರ ಕುರಿತೂ ಇಂದು ಹೇಳಬೇಕೆಂದಿದ್ದೇನೆ.

ಕರೆಯನ್ನು ಜೋಡಿಸುವವರು ಯಾರು?

1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ 21 ಚಂದಾದಾರರೊಂದಿಗೆ ವಾಣಿಜ್ಯ ದೂರವಾಣಿ ವಿನಿಮಯ ಕೇಂದ್ರವೊಂದು ಆರಂಭವಾಯಿತು. ನಮ್ಮ ದೇಶದಲ್ಲಿ 1882ರ ಜನವರಿಯಲ್ಲಿ ಕಲ್ಕತ್ತಾ, ಬೊಂಬಾಯಿ ಮತ್ತು ಮದ್ರಾಸಿನಲ್ಲಿ ವಿನಿಮಯ ಕೇಂದ್ರಗಳು ತೆರೆದವು. ಅಂದು ಕರೆಯನ್ನು ಜೋಡಿಸುತ್ತಿದ್ದವರು ಮನುಷ್ಯರೇ. ಆಪರೇಟರ್ ನಿಮ್ಮ ಮಾತು ಕೇಳಿ, ಹಲಗೆಯ ಮೇಲಿನ ಒಂದು ರಂಧ್ರದಿಂದ ಇನ್ನೊಂದಕ್ಕೆ ತಂತಿ ಚುಚ್ಚುತ್ತಿದ್ದರು. ಮೂವರು ಮಾತನಾಡಬೇಕಾದರೆ ಮೂರು ತಂತಿಗಳನ್ನು ಒಟ್ಟು ಸೇರಿಸಬೇಕಿತ್ತು. ಅದೇ ಅಂದಿನ ಕಾನ್ಫರೆನ್ಸ್ ಕರೆ.

ಮನುಷ್ಯ ಜೋಡಿಸುವಲ್ಲಿ ಪಕ್ಷಪಾತಕ್ಕೂ ಅವಕಾಶವಿದೆ. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬವರು ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವ ವೃತ್ತಿಯವರು. ಆಪರೇಟರ್ ತನ್ನ ಗಿರಾಕಿಗಳ ಕರೆಗಳನ್ನು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾರೆಂಬ ಅನುಮಾನವೇ ಅವರನ್ನು ಸ್ವಯಂಚಾಲಿತ ಯಂತ್ರದ ಕಡೆಗೆ ಒಯ್ದಿತೆಂಬ ಕತೆ ಪ್ರಚಲಿತದಲ್ಲಿದೆ. 1891ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಆ ಯಂತ್ರ ಕೆಲಸ ಆರಂಭಿಸಿತು. ಅಂಕಿಗೆ ತಕ್ಕಂತೆ ಯಂತ್ರದ ಕೈ ಒಂದೊಂದೇ ಮೆಟ್ಟಿಲು ಹತ್ತಿ ಸರಿಯಾದ ತಂತಿಯನ್ನು ಮುಟ್ಟುತ್ತಿತ್ತು. ಯಾರ ಕರೆ ಯಾರಿಗೆ ಹೋಗಬೇಕೆಂಬುದನ್ನು ಕರೆ ಮಾಡುವವನೇ ನಿರ್ಧರಿಸುವಂತಾಯಿತು.

ಭಾರತದಲ್ಲಿ ಚಂದಾದಾರರೇ ದೂರದ ಊರಿಗೆ ನೇರವಾಗಿ ಅಂಕಿ ಒತ್ತಿ ಮಾತನಾಡುವ ಎಸ್‌ಟಿಡಿ ಸೌಲಭ್ಯ 1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಬಂತು. ಆದರೂ ಬಹಳ ಊರುಗಳಲ್ಲಿ ಟ್ರಂಕ್ ಕರೆ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವ ಕಾಲ ಮುಂದುವರಿಯಿತು. ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಹೆಚ್ಚು ಹಣ ಕೊಟ್ಟವರಿಗೆ ಬೇಗ ಲೈನ್ ಸಿಗುತ್ತಿತ್ತು. ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ಮಗನ ದನಿ ಕೇಳಲು ಕಾದು ಕುಳಿತ ತಾಯಂದಿರನ್ನು ಬಲ್ಲ ಹಿರಿಯರು ಈ ಸಭೆಯಲ್ಲಿಯೂ ಇದ್ದಾರೆ.

ಕಿತ್ತೂರಿನ ಪೆಟ್ಟಿಗೆ

ಈ ಪರಿಸ್ಥಿತಿ ಬದಲಾದದ್ದರಲ್ಲಿ ನಮ್ಮ ಕರ್ನಾಟಕಕ್ಕೂ ಪಾಲಿದೆ. 1984ರಲ್ಲಿ ಕೇಂದ್ರ ಸರಕಾರ ಸಿ-ಡಾಟ್ ಎಂಬ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅದರ ಪ್ರೇರಕರು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಅದಕ್ಕೆ ಕೊಟ್ಟ ಗಡುವು ಮತ್ತು ಹಣ. ಅಲ್ಲಿನ ಯುವ ಇಂಜಿನಿಯರುಗಳು ಹಳ್ಳಿಗಳಿಗಾಗಿ ರೂಪಿಸಿದ ಸಣ್ಣ ಡಿಜಿಟಲ್ ವಿನಿಮಯ ಕೇಂದ್ರ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲಿಗೆ ಕಾರ್ಯಾರಂಭ ಮಾಡಿತು. ರಾಣಿ ಚೆನ್ನಮ್ಮನ ಊರು ಹೀಗೆ ದೂರಸಂಪರ್ಕದ ಇತಿಹಾಸದಲ್ಲೂ ಸೇರಿತು.

ಆ ಯಂತ್ರದ ವಿಶೇಷವೇನು? ವಿದೇಶಿ ಯಂತ್ರಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಿತ್ತು. ಇದು ನಮ್ಮ ಸೆಖೆ ಮತ್ತು ಧೂಳಿನಲ್ಲಿ, ಹವಾನಿಯಂತ್ರಣವಿಲ್ಲದೆ ನಡೆಯುವಂತೆ ತಯಾರಾದದ್ದು. ಇದ್ದ ಯಂತ್ರಕ್ಕೆ ತಕ್ಕಂತೆ ಹಳ್ಳಿಯನ್ನು ಬದಲಿಸಲು ಹೊರಡದೆ, ಹಳ್ಳಿಗೆ ತಕ್ಕ ಯಂತ್ರವನ್ನು ಕಟ್ಟಿದರು. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಮಾತು ಅಂಕಿಗಳಾಗುವ ಬಗೆ

ಡಿಜಿಟಲ್ ಎಂದರೇನು? ನಿಮ್ಮ ದನಿಯನ್ನು ಯಂತ್ರ ಒಂದು ಸೆಕೆಂಡಿಗೆ 8,000 ಬಾರಿ ಅಳೆಯುತ್ತದೆ. ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಗುಣಿಸಿದರೆ ಸೆಕೆಂಡಿಗೆ 64,000 ಬಿಟ್ ಆಯಿತು. ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಇರುವ ಬಿಡುವಿನಲ್ಲಿ ಬೇರೆಯವರ ಅಳತೆಗಳನ್ನು ಕಳಿಸಬಹುದು. ಹೀಗೆ ಒಂದೇ ಡಿಜಿಟಲ್ ಮಾರ್ಗದಲ್ಲಿ 30 ಸಂಭಾಷಣೆಗಳು ಒಂದಕ್ಕೊಂದು ಬೆರೆಯದೆ ಸಾಗುತ್ತವೆ. ವಿನಿಮಯ ಕೇಂದ್ರದ ಕೆಲಸ ಈಗ ತಂತಿ ಚುಚ್ಚುವುದಲ್ಲ. ಯಾರ ಅಂಕಿಯನ್ನು ಯಾರ ಸರದಿಯಲ್ಲಿ ಇಡಬೇಕೆಂದು ನೋಡುವುದು.

ಮಾತು ಅಂಕಿಯಾದ ಮೇಲೆ ಕೂಡಿಸಬಹುದು, ಕಳೆಯಬಹುದು. ಕಾನ್ಫರೆನ್ಸ್ ಕರೆಯ ಗುಟ್ಟು ಇಷ್ಟೇ. ಐವರು ಮಾತನಾಡುತ್ತಿದ್ದಾರೆ ಎನ್ನೋಣ. ಪ್ರತಿಯೊಬ್ಬರಿಗೂ ಉಳಿದ ನಾಲ್ವರ ದನಿ ಕೇಳಬೇಕು. ಸೇತುವೆ ಎಂದು ಕರೆಯುವ ಯಂತ್ರ ಐವರ ದನಿಗಳನ್ನೂ ಒಮ್ಮೆ ಕೂಡಿಸುತ್ತದೆ. ಆಮೇಲೆ ಒಬ್ಬೊಬ್ಬರಿಗೂ ಕಳಿಸುವಾಗ ಆ ಮೊತ್ತದಿಂದ ಅವರದೇ ದನಿಯನ್ನು ಕಳೆಯುತ್ತದೆ. ಕಳೆಯದಿದ್ದರೆ ನಿಮ್ಮ ಮಾತು ಸ್ವಲ್ಪ ತಡವಾಗಿ ನಿಮ್ಮ ಕಿವಿಗೇ ಮರಳಿ ಬಂದು ನೀವು ತಡವರಿಸುತ್ತೀರಿ. ಪ್ರಾಥಮಿಕ ಶಾಲೆಯ ಕೂಡು ಕಳೆ ಲೆಕ್ಕ ಸೆಕೆಂಡಿಗೆ 8,000 ಸಲ ನಡೆಯುತ್ತದೆ, ಅಷ್ಟೆ.

ಆದರೆ ಕೂಡಿಸುವಾಗ ಒಬ್ಬರ ಮನೆಯ ಫ್ಯಾನು, ಇನ್ನೊಬ್ಬರ ಬೀದಿಯ ಹಾರ್ನು ಎಲ್ಲವೂ ಕೂಡಿಕೊಳ್ಳುತ್ತವೆ. ಅದಕ್ಕಾಗಿಯೇ ಹಲವು ವ್ಯವಸ್ಥೆಗಳು ಆಯಾ ಕ್ಷಣದಲ್ಲಿ ಜೋರಾಗಿ ಮಾತನಾಡುವ ಕೆಲವರ ದನಿಯನ್ನಷ್ಟೇ ಆರಿಸಿ ಕೂಡಿಸುತ್ತವೆ. ಮಾತನಾಡದಿರುವಾಗ ಮ್ಯೂಟ್ ಮಾಡಿ ಎಂದು ಹೇಳುವುದೂ ಇದಕ್ಕೇ.

ಇನ್ನೊಂದು ಶತ್ರು ತಡ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಮಾತು ಹತ್ತಿ ಇಳಿಯಲು ಬೆಳಕಿನ ವೇಗದಲ್ಲಿಯೂ ಸುಮಾರು ಕಾಲು ಸೆಕೆಂಡ್ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಉಪಗ್ರಹದ ಮೂಲಕ ಬಂದ ವಿದೇಶಿ ಕರೆಗಳಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿ ಒಟ್ಟಿಗೆ ಸುಮ್ಮನಾಗುತ್ತಿದ್ದುದು ಈ ಕಾರಣಕ್ಕೆ. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಸಮುದ್ರದಡಿಯ ಫೈಬರ್ ಕೇಬಲ್‌ಗಳಿಂದ ಕೊಲ್ಲಿ ದೇಶದ ಕರೆಗಳು ಈಗ ಪಕ್ಕದ ಮನೆಯಿಂದ ಬಂದಂತೆ ಕೇಳಿಸುತ್ತವೆ.

"ಒಂದನ್ನು ಒತ್ತಿ"

ಸಹಾಯವಾಣಿಯ ಯಂತ್ರಕ್ಕೆ ನೀವು ಯಾವ ಅಂಕಿ ಒತ್ತಿದಿರೆಂದು ತಿಳಿಯುವುದು ಹೇಗೆ? ಅಮೆರಿಕದಲ್ಲಿ 1963ರಲ್ಲಿ ಬಳಕೆಗೆ ಬಂದ ಒಂದು ಉಪಾಯದಿಂದ. ಪ್ರತಿ ಗುಂಡಿ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ. ಒಂದು ಸ್ವರ ಅಡ್ಡಸಾಲನ್ನು, ಇನ್ನೊಂದು ಉದ್ದಸಾಲನ್ನು ತಿಳಿಸುತ್ತದೆ. 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಸ್ವರಗಳು ಹೊರಡುತ್ತವೆ. ಒಂದೇ ಸ್ವರವಿದ್ದರೆ ಮನುಷ್ಯನ ದನಿ ಅಥವಾ ಸಿಳ್ಳೆಯನ್ನೂ ಯಂತ್ರ ಅಂಕಿಯೆಂದು ತಿಳಿದೀತು. ಆ ಎರಡು ನಿರ್ದಿಷ್ಟ ಸ್ವರಗಳು ಒಟ್ಟಿಗೆ ಮಾತಿನಲ್ಲಿ ಬರುವುದು ಬಹಳ ಅಪರೂಪ.

ಇನ್ನು ಅತಿ ಮುಖ್ಯವಾದ ಪ್ರಶ್ನೆ: ಎಷ್ಟು ಲೈನ್ ಬೇಕು? ಇದಕ್ಕೆ ಉತ್ತರ ಕೊಟ್ಟವರು ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವರು 1909 ಮತ್ತು 1917ರಲ್ಲಿ ಈ ಕುರಿತ ಲೇಖನಗಳನ್ನು ಪ್ರಕಟಿಸಿದರು. ಕರೆಗಳ ಹೊರೆಯನ್ನು ಅಳೆಯುವ ಮಾನಕ್ಕೆ ಇಂದು ಅವರದೇ ಹೆಸರಿದೆ.

ಅವರ ಸೂತ್ರವನ್ನು ನಮ್ಮಂತಹ ಸಂಸ್ಥೆಗೇ ಅನ್ವಯಿಸಿ ನೋಡೋಣ. ಪ್ರವೇಶ ಮತ್ತು ವಿದ್ಯಾರ್ಥಿವೇತನದ ದಿನಗಳಲ್ಲಿ ಗಂಟೆಗೆ 60 ಕರೆಗಳು ಬರುತ್ತವೆ, ಒಂದೊಂದೂ ಸರಾಸರಿ 4 ನಿಮಿಷದ್ದು ಎನ್ನೋಣ. ಒಟ್ಟು 240 ನಿಮಿಷ, ಅಂದರೆ 4 ಗಂಟೆಯ ಮಾತು. ನಾಲ್ಕು ಲೈನ್ ಸಾಕೆಂದು ಯಾರಿಗಾದರೂ ಅನ್ನಿಸುತ್ತದೆ. ಸೂತ್ರ ಬೇರೆಯೇ ಹೇಳುತ್ತದೆ. ನಾಲ್ಕು ಲೈನ್ ಇದ್ದರೆ 100 ಕರೆಗಳಲ್ಲಿ ಸುಮಾರು 31ಕ್ಕೆ ಬ್ಯುಸಿ ಎಂಬ ಉತ್ತರ. ಆರು ಲೈನ್ ಇದ್ದರೆ 12ಕ್ಕೆ, ಎಂಟಿದ್ದರೆ 3ಕ್ಕೆ. ಹತ್ತು ಲೈನ್ ಇದ್ದರೆ 200ರಲ್ಲಿ ಒಬ್ಬರಿಗೆ ಮಾತ್ರ. ಕಾರಣ ಸರಳ: ಕರೆಗಳು ಸಾಲಾಗಿ ಶಿಸ್ತಿನಿಂದ ಬರುವುದಿಲ್ಲ, ಒಮ್ಮೆಲೇ ಬರುತ್ತವೆ, ಒಮ್ಮೆಲೇ ನಿಲ್ಲುತ್ತವೆ. ಸರಾಸರಿಗೆ ತಕ್ಕಷ್ಟೇ ವ್ಯವಸ್ಥೆ ಮಾಡಿದವರು ಮೂರರಲ್ಲಿ ಒಬ್ಬರನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದಂತೆ.

ಬ್ಯುಸಿ ಎನ್ನದೆ ಸರದಿಯಲ್ಲಿ ಕಾಯಿಸುವ ವ್ಯವಸ್ಥೆಯೂ ಇದೆ. ಅದೇ ಹೊರೆಗೆ ಐವರು ಉತ್ತರಿಸಲು ಕುಳಿತರೆ ಸರಾಸರಿ ಕಾಯುವಿಕೆ ಎರಡು ನಿಮಿಷಕ್ಕೂ ಹೆಚ್ಚು. ಆರನೆಯವರೊಬ್ಬರು ಬಂದರೆ ಅದು ಸುಮಾರು 34 ಸೆಕೆಂಡಿಗೆ ಇಳಿಯುತ್ತದೆ. ಒಬ್ಬ ಸ್ವಯಂಸೇವಕನ ಬೆಲೆ ಎಷ್ಟೆಂದು ಇದರಿಂದ ತಿಳಿಯಿರಿ. ಇನ್ನು ನಾಲ್ವರೇ ಕುಳಿತರೆ ಸರದಿ ಬೆಳೆಯುತ್ತಲೇ ಹೋಗುತ್ತದೆ, ಮುಗಿಯುವುದೇ ಇಲ್ಲ.

ಇನ್ನೊಂದು ಪಾಠವಿದೆ. ಆ ಹತ್ತು ಲೈನ್‌ಗಳನ್ನು ಐದೈದಾಗಿ ಎರಡು ಕಚೇರಿಗಳಿಗೆ ಹಂಚಿ, ಎರಡು ಬೇರೆ ನಂಬರ್ ಕೊಟ್ಟು, ಕರೆಗಳೂ ಸಮನಾಗಿ ಹಂಚಿಹೋದವು ಎನ್ನೋಣ. ಆಗ 100ರಲ್ಲಿ ಸುಮಾರು 4 ಕರೆಗಳು ವಿಫಲವಾಗುತ್ತವೆ. ಒಂದೇ ನಂಬರಿನಡಿ ಸೇರಿಸಿದರೆ 200ರಲ್ಲಿ ಒಂದು. ಲೈನ್ ಅಷ್ಟೇ, ಜನರೂ ಅಷ್ಟೇ, ಕರೆಯೂ ಅಷ್ಟೇ. ಕೂಡಿ ದುಡಿದದ್ದರಿಂದ ಸಿಕ್ಕ ಲಾಭ ಇದು. ಬೇರೆ ಬೇರೆ ಸಂಘಗಳು ಒಂದೇ ಮಾಹಿತಿಗಾಗಿ ಬೇರೆ ಬೇರೆ ನಂಬರ್ ಇಟ್ಟುಕೊಳ್ಳುವ ಬದಲು ಏಕೆ ಕೂಡಬಾರದು ಎಂದು ಸದಸ್ಯರು ಯೋಚಿಸಬೇಕು.

ಯಂತ್ರಕ್ಕೆ ಕನ್ನಡ ಕಲಿಸುವುದೂ, ಗುಂಡಿಗಳ ಪಟ್ಟಿಯನ್ನು ಚಿಕ್ಕದಾಗಿಡುವುದೂ, ಮನುಷ್ಯನೊಡನೆ ಮಾತನಾಡುವ ದಾರಿಯನ್ನು ಮೊದಲೇ ಹೇಳುವುದೂ ಇಷ್ಟೇ ಮುಖ್ಯ. ಓದು ಬಾರದ ಅಜ್ಜಿಗೆ ಏಳನೆಯ ಆಯ್ಕೆಯವರೆಗೆ ಕಾಯಲು ಹೇಳುವುದು ಸಹಾಯವಲ್ಲ.

ಸೇತುವೆಯ ಮೇಲೆ ಕಳ್ಳ

ಈಗ ಎಚ್ಚರಿಕೆಯ ಮಾತು. 2025ರ ಫೆಬ್ರುವರಿಯಲ್ಲಿ ಯುಪಿಐ ವ್ಯವಸ್ಥೆಯವರು ಕರೆ ವಿಲೀನದ ವಂಚನೆಯ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಿದರು. ಅದು ಹೀಗಿದೆ. ಅಪರಿಚಿತನೊಬ್ಬ ಕರೆ ಮಾಡಿ, "ನಿಮ್ಮ ನಂಬರ್ ನಿಮ್ಮ ಗೆಳೆಯರೇ ಕೊಟ್ಟರು, ಅವರೇ ಈಗ ಬೇರೆ ನಂಬರಿನಿಂದ ಕರೆ ಮಾಡುತ್ತಿದ್ದಾರೆ, ಎರಡನ್ನೂ ಸೇರಿಸಿ" ಎನ್ನುತ್ತಾನೆ. ಎರಡನೆಯ ಕರೆ ಗೆಳೆಯನದ್ದಲ್ಲ. ಅದು ಬ್ಯಾಂಕಿನ ಯಂತ್ರ ಒಟಿಪಿಯನ್ನು ಓದಿ ಹೇಳುವ ಕರೆ. ಕಳ್ಳನೇ ನಿಮ್ಮ ಖಾತೆಯಲ್ಲಿ ವ್ಯವಹಾರ ಆರಂಭಿಸಿ ಅದು ಬರುವಂತೆ ಮಾಡಿರುತ್ತಾನೆ.

ನೀವು ಮರ್ಜ್ ಒತ್ತಿದೊಡನೆ ಸೇತುವೆ ತನ್ನ ಕೆಲಸ ಮಾಡುತ್ತದೆ. ಪ್ರತಿಯೊಬ್ಬರಿಗೂ ಉಳಿದವರೆಲ್ಲರ ದನಿ ಎಂದು ಆಗಲೇ ಹೇಳಿದೆನಲ್ಲ? ಬ್ಯಾಂಕಿನ ದನಿ ನಿಮಗೂ ಕೇಳುತ್ತದೆ, ಕಳ್ಳನಿಗೂ ಕೇಳುತ್ತದೆ. ನೀವು ಬಾಯಿಬಿಟ್ಟು ಏನನ್ನೂ ಹೇಳಿರುವುದಿಲ್ಲ, ಆದರೂ ಗುಟ್ಟು ಹೊರಬಿದ್ದಿರುತ್ತದೆ. "ಒಟಿಪಿಯನ್ನು ಯಾರಿಗೂ ಹೇಳಬೇಡಿ" ಎಂಬ ಉಪದೇಶ ಇಲ್ಲಿ ಸಾಲದು. "ಯಾರಿಗೂ ಕೇಳಿಸಬೇಡಿ" ಎಂದೂ ಸೇರಿಸಬೇಕು.

ಆದ್ದರಿಂದ ಮೂರು ಮಾತು ಮನೆಯಲ್ಲಿ ಎಲ್ಲರಿಗೂ ತಿಳಿಸಿ. ಅಪರಿಚಿತರು ಹೇಳಿದರೆಂದು ಯಾವ ಕರೆಯನ್ನೂ ಸೇರಿಸಬೇಡಿ. ಗೆಳೆಯನ ಹೆಸರು ಹೇಳಿದರೆ ಫೋನ್ ಇಟ್ಟು, ನಿಮ್ಮಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ. ಹಣ ಹೋದದ್ದು ತಿಳಿದರೆ ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದೆ ಸಾಗುವ ಮೊದಲೇ ತಡೆಯಲು ಪ್ರತಿ ನಿಮಿಷವೂ ಮುಖ್ಯ.

ವಿದ್ಯಾರ್ಥಿಗಳೇ, ಈ ಇಡೀ ವ್ಯವಸ್ಥೆಯಲ್ಲಿ ನೀವು ಶಾಲೆಯಲ್ಲಿ ಕಲಿಯದ ವಿಷಯ ಬಹಳ ಕಡಿಮೆ. ಕೂಡುವುದು, ಕಳೆಯುವುದು, ಸಂಭವನೀಯತೆ, ಧ್ವನಿಯ ಪಾಠ, ಇಷ್ಟೇ. ಎರ್ಲಾಂಗ್ ಅವರ ಸೂತ್ರವನ್ನು ಪಿಯುಸಿ ಗಣಿತ ಬಲ್ಲವರು ಒಂದು ಸಂಜೆಯಲ್ಲಿ ಕಲಿಯಬಹುದು. ಕಲಿತು, ನಿಮ್ಮ ಊರಿನ ಆಸ್ಪತ್ರೆಯ ಚೀಟಿ ಕಿಟಕಿಗೆ, ರೇಷನ್ ಅಂಗಡಿಯ ಸರದಿಗೆ ಅನ್ವಯಿಸಿ ನೋಡಿ. ಜನ ಕಾಯುವ ಎಲ್ಲ ಜಾಗಕ್ಕೂ ಆ ಲೆಕ್ಕ ಬೇಕಾಗುತ್ತದೆ. ಸದಸ್ಯರಲ್ಲಿ ನನ್ನ ವಿನಂತಿ ಒಂದೇ: ಮುಂದಿನ ಪ್ರವೇಶದ ದಿನಗಳಿಗೆ ಮುಂಚೆ ನಮ್ಮ ಕರೆಗಳನ್ನು ಒಂದು ವಾರ ಎಣಿಸಿ ಬರೆದಿಡಿ. ಎಷ್ಟು ಲೈನ್, ಎಷ್ಟು ಜನ ಬೇಕೆಂಬ ಲೆಕ್ಕವನ್ನು ನಮ್ಮ ಮಕ್ಕಳೇ ಮಾಡಿಕೊಡುತ್ತಾರೆ.