ಕ್ವೇಕರರ ಶಾಲೆಗಳೂ ನಮ್ಮ ಮಕ್ಕಳೂ
(ಚೆನ್ನೈಯಲ್ಲಿ ನಮ್ಮ ಸಂಘದ ತಂದೆತಾಯಿಯರ ಕೂಟದಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಬಿ.ಕಾಂ. ಓದಿದ ಬ್ಯಾಂಕ್ ಗುಮಾಸ್ತ. ಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ತಂದೆಯೆಂಬ ಒಂದೇ ಅರ್ಹತೆಯಿಂದ ಇಲ್ಲಿ ನಿಂತಿದ್ದೇನೆ. ಆ ಪರೀಕ್ಷೆಯಲ್ಲಿಯೂ ಒಮ್ಮೆ ನಪಾಸಾದವನು.

ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿ ನೋಡುವುದು ನನ್ನ ಕೆಲಸಗಳಲ್ಲೊಂದು. ಕಳೆದ ವರ್ಷ ಐದನೆಯ ತರಗತಿಯಲ್ಲಿದ್ದ ಮಗಳ ಅಂಕಪಟ್ಟಿ ಕೈಗೆ ಸಿಕ್ಕಿತು. ಗಣಿತದಲ್ಲಿ ಅಂಕ ಬಹಳ ಕಡಮೆ. ಕೆಳಗೆ ನನ್ನ ಸಹಿ. ಆದರೆ ಅದು ನನ್ನ ಕೈಯದಲ್ಲ. ಗದರಿಸಿ ಕೇಳಿದೆ. "ನೀನು ಹೊಡೀತೀಯ ಅಂತ ಹೆದರಿ ನಾನೇ ಹಾಕಿದೆ ಅಪ್ಪಾ" ಎಂದಳು. ಹಿಂದಿನ ಪರೀಕ್ಷೆಯಾದಾಗ ಹೊಡೆದದ್ದು ನಿಜ. ಎತ್ತಿದ ಕೈ ಹಾಗೆಯೇ ಇಳಿಯಿತು. ಸುಳ್ಳು ಅವಳದು, ಅದರ ಬೀಜ ನನ್ನದು.

ಆ ದಿನಗಳಲ್ಲಿ ನಾನು ಬ್ಯಾಂಕುಗಳ ಚರಿತ್ರೆಯನ್ನು ಓದುತ್ತಿದ್ದೆ. ಇಂಗ್ಲೆಂಡಿನ ಬಾರ್ಕ್ಲೇಸ್, ಲಾಯ್ಡ್ಸ್ ಬ್ಯಾಂಕುಗಳ ಮೂಲಪುರುಷರಲ್ಲಿ ಕ್ವೇಕರರಿದ್ದರು. ಮಾತಿಗೆ ತಪ್ಪದವರೆಂಬ ಹೆಸರೇ ಅವರಿಗೆ ದೊಡ್ಡ ಬಂಡವಾಳ. ಇಂಥವರು ಮಕ್ಕಳನ್ನು ಹೇಗೆ ಬೆಳೆಸಿದರು ಎಂಬ ಕುತೂಹಲ ಹುಟ್ಟಿತು.

ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಎಂಬವರಿಂದ ಹುಟ್ಟಿದ ಕ್ರೈಸ್ತ ಪಂಥವಿದು. ತಮ್ಮನ್ನು ತಾವು 'ಮಿತ್ರರು' ಎಂದು ಕರೆದುಕೊಳ್ಳುತ್ತಾರೆ. ಪ್ರತಿಯೊಬ್ಬರಲ್ಲಿಯೂ ದೇವರ ಬೆಳಕಿನ ಅಂಶವಿದೆ ಎಂಬುದು ಅವರ ನಂಬಿಕೆ. ಬಾಲಕನಲ್ಲಿರುವ ಬೆಳಕು ಬಾಲಕಿಯಲ್ಲಿಯೂ ಇರಲೇಬೇಕಷ್ಟೆ! 1668 ರಲ್ಲಿಯೇ ಫಾಕ್ಸರು ವಾಲ್ಥಮ್‌ನಲ್ಲಿ ಬಾಲಕರಿಗೂ ಶ್ಯಾಕಲ್‌ವೆಲ್‌ನಲ್ಲಿ ಬಾಲಕಿಯರಿಗೂ ಶಾಲೆಗಳಾಗಲಿ ಎಂದು ಸಲಹೆಯಿತ್ತರು. ಜೀವನಕ್ಕೆ ಉಪಯೋಗವಾಗುವ ವಿದ್ಯೆ ಕಲಿಸಬೇಕೆಂದರು. 1779 ರಲ್ಲಿ ಡಾಕ್ಟರ್ ಜಾನ್ ಫಾದರ್‌ಗಿಲ್ ಅವರ ಪ್ರಯತ್ನದಿಂದ ಯಾರ್ಕ್‌ಷೈರಿನ ಆಕ್‌ವರ್ತ್‌ನಲ್ಲಿ, ಹೆಚ್ಚು ಅನುಕೂಲವಿಲ್ಲದ ಮಿತ್ರರ ಗಂಡು ಹೆಣ್ಣು ಮಕ್ಕಳಿಗಾಗಿ ಶಾಲೆ ತೆರೆಯಿತು.

ಈ ಶಾಲೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗಳು ಮೂರು.

ಮೊದಲನೆಯದು ಸತ್ಯ. ಕ್ವೇಕರರು ನ್ಯಾಯಾಲಯದಲ್ಲಿಯೂ ಪ್ರಮಾಣ ಮಾಡಲೊಪ್ಪದೆ ಸೆರೆಮನೆ ಕಂಡವರು. ಪ್ರಮಾಣ ಮಾಡಿದಾಗ ಮಾತ್ರ ಸತ್ಯ ಹೇಳುವುದಾದರೆ ಉಳಿದ ಹೊತ್ತಿನ ಮಾತಿನ ಗತಿಯೇನು ಎಂಬುದು ಅವರ ವಾದ. ಎರಡನೆಯದು ಮೌನ. ಮಕ್ಕಳೂ ಉಪಾಧ್ಯಾಯರೂ ಒಟ್ಟಿಗೆ ಸುಮ್ಮನೆ ಕುಳಿತುಕೊಳ್ಳುತ್ತಾರೆ. ಒಳಗಿನಿಂದ ಮಾತು ಬಂದವರು, ಅದು ಮಗುವೇ ಆಗಲಿ, ಎದ್ದು ಹೇಳಬಹುದು, ಉಳಿದವರು ಕೇಳುತ್ತಾರೆ. ಮೂರನೆಯದು ಮತ ಎಣಿಸದೆ ತೀರ್ಮಾನಕ್ಕೆ ಬರುವ ಕ್ರಮ. ಅವರ ಸಭೆ ನಡೆಸುವವರಿಗೆ 'ಕ್ಲರ್ಕ್' ಎಂದೇ ಹೆಸರು! ಎಲ್ಲರ ಮಾತನ್ನೂ ಕೇಳಿ, ಒಮ್ಮತವನ್ನು ಅಲ್ಲಿಯೇ ಬರೆದು ಓದಿ ಒಪ್ಪಿಸುವುದು ಅವರ ಹೊಣೆ. ನಮ್ಮ ಜಾತಿಗೆ ಇಷ್ಟು ಗೌರವ ಬೇರೆಲ್ಲಿಯೂ ಕಾಣೆ.

ಅವರಲ್ಲಿ ಕೊರತೆಯೇ ಇರಲಿಲ್ಲವೆಂದಲ್ಲ. ಹಿಂದಿನ ಕ್ವೇಕರರು ಸಂಗೀತ ನಾಟಕಗಳನ್ನು ಬಹುಕಾಲ ದೂರವಿಟ್ಟಿದ್ದರು. ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಶಾಲೆ ನಡೆಸಿದ ಜೋಸೆಫ್ ಲಾಂಕಾಸ್ಟರ್ ಬೆತ್ತವನ್ನೇನೋ ಬೇಡವೆಂದರು. ಆದರೆ ತಪ್ಪು ಮಾಡಿದ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿನಿಂದ ತೂಗುಹಾಕಿ ಎಲ್ಲರೆದುರು ನಾಚಿಸುವ ಶಿಕ್ಷೆ ಅವರಲ್ಲಿತ್ತು. ಬೆತ್ತ ಹೋದರೆ ಸಾಲದು, ಅವಮಾನವೂ ಹೋಗಬೇಕು.

ನಮ್ಮ ಊರಿಗೂ ಈ ಕಥೆಗೂ ನಂಟುಂಟು. 1928 ರಲ್ಲಿ ಮಾರ್ಜರಿ ಸೈಕ್ಸ್ ಎಂಬ ಆಂಗ್ಲ ಮಹಿಳೆ ಇಲ್ಲಿಯ ಬೆಂಟಿಂಕ್ ಬಾಲಿಕಾ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದರು. ಮುಂದೆ ಕ್ವೇಕರರಾದರು, ಶಾಂತಿನಿಕೇತನದಲ್ಲಿ ಕಲಿಸಿದರು, ಸೇವಾಗ್ರಾಮದಲ್ಲಿ ಗಾಂಧೀಜಿಯವರ ನಯೀ ತಾಲೀಮಿಗಾಗಿ ದುಡಿದರು. 1995 ರಲ್ಲಿ ತೀರಿಕೊಳ್ಳುವವರೆಗೂ ಭಾರತದ ಒಡನಾಟ ಬಿಡಲಿಲ್ಲ.

ಈಗ ನಮ್ಮ ಮನೆಯ ಮಾತು. ನಾವು ಪಂಥ ಬದಲಿಸಲಿಲ್ಲ. ದೇವರ ಮನೆಯ ದೀಪ ಎಂದಿನಂತೆಯೇ ಬೆಳಗುತ್ತಿದೆ. ದೀಪ ಹಚ್ಚಿದ ಮೇಲೆ ಐದು ನಿಮಿಷ ಎಲ್ಲರೂ ಸುಮ್ಮನೆ ಕೂರುತ್ತೇವೆ, ಅಷ್ಟೆ. ಫೋನುಗಳು ಬೇರೆ ಕೋಣೆಯಲ್ಲಿ. ಮೊದಲ ವಾರ ಮಕ್ಕಳು ಕಿಸಕ್ಕೆಂದು ನಕ್ಕರು. ನನಗೇ ಆಕಳಿಕೆ ಬಂತು. ಎರಡನೆಯ ತಿಂಗಳಲ್ಲಿ ಒಂದು ಸಂಜೆ ಮಗಳು ತಾನಾಗಿಯೇ, "ಅಪ್ಪಾ, ಭಿನ್ನರಾಶಿ ನನಗೆ ಮೊದಲಿಂದಲೂ ಅರ್ಥವೇ ಆಗಿಲ್ಲ" ಎಂದಳು. ಈಗಲೂ ಅವಳ ಅಂಕ ಹೇಳಿಕೊಳ್ಳುವಂತಿಲ್ಲ. ಆದರೆ ಅಂಕಪಟ್ಟಿಯನ್ನು ತಾನೇ ತಂದು, ಪೆನ್ನನ್ನೂ ನನ್ನ ಕೈಗೆ ಕೊಡುತ್ತಾಳೆ.

ಕೊನೆಯದಾಗಿ ಒಂದು ಅರಿಕೆ. ನಮ್ಮ ಮಕ್ಕಳು ತಮಿಳು ಇಂಗ್ಲಿಷುಗಳ ನಡುವೆ ಕನ್ನಡವನ್ನು ಎಡವಿ ಎಡವಿ ಆಡುತ್ತವೆ. ಊರಿಗೆ ಹೋದಾಗ ನೆಂಟರು ನಗುತ್ತಾರೆ. ಇಲ್ಲಿ ನಾವೂ ನಗುತ್ತೇವೆ. ನಗೆಗೆ ಅಂಜಿದ ಮಗು ಕನ್ನಡದಲ್ಲಿ ಬಾಯಿ ಬಿಡುವುದನ್ನೇ ಬಿಡುತ್ತದೆ. ಅದು ಕ್ವೇಕರರ ಮೌನವಲ್ಲ, ಭಯದ ಮೌನ. ಸಂಘದ ಕನ್ನಡ ತರಗತಿಯಲ್ಲಾದರೂ ಯಾವ ಮಗುವಿನ ತಪ್ಪಿಗೂ ನಗುವುದಿಲ್ಲವೆಂದು ಈ ರಾಜ್ಯೋತ್ಸವದಂದು ನಿಶ್ಚಯಿಸೋಣ. ಪ್ರಮಾಣ ಬೇಡ, ಬರಿಯ ಮಾತು ಸಾಕು.