ನಮ್ಮ ಮೈದಾನ ಮಟ್ಟ ಮಾಡಿದ ಬುಲ್ಡೋಜರ್

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಆದ್ದರಿಂದ ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಸಮಿತಿಯವರು ಕೊಟ್ಟ ವಿಷಯ ಬೇರೆ. ಮೈದಾನದ ಬೇಲಿ ಪಕ್ಕದಲ್ಲಿ ನಿಂತಿರುವ ಹಳದಿ ಬುಲ್ಡೋಜರ್ ಬಗ್ಗೆ ಹೇಳಿ ಎಂದಿದ್ದಾರೆ. ಅದು ಎಲ್ಲಿಂದ ಬಂತು, ಯಾಕೆ ಬಂತು, ಮೂವತ್ತು ವರ್ಷ ಜಾಲಿ ಮುಳ್ಳಿನಲ್ಲಿ ಮುಚ್ಚಿಹೋಗಿದ್ದ ಗಾಡಿ ಮತ್ತೆ ಹೇಗೆ ಓಡಿತು ಎಂಬುದನ್ನು ಹೇಳುತ್ತೇನೆ.

ನಮ್ಮ ಶಾಲೆ ಶುರುವಾದದ್ದು 1974ರಲ್ಲಿ. ಮೊದಲ ವರ್ಷ ತರಗತಿ ನಡೆದದ್ದು ದೇವಸ್ಥಾನದ ಚಾವಡಿಯಲ್ಲಿ. ಶಾಲೆಗೆ ಸಿಕ್ಕ ಜಾಗ ದಿಬ್ಬ, ಹಳ್ಳ, ಕಲ್ಲುಗಳಿಂದ ತುಂಬಿತ್ತು. ನಾಲೆಯ ನೀರು ಬಂದ ಮೇಲೆ ನಮ್ಮ ಭಾಗದಲ್ಲಿ ಹೊಲಗಳನ್ನು ಗದ್ದೆ ಮಾಡುವ ಕೆಲಸ ಜೋರಾಗಿತ್ತು. ಅದಕ್ಕೆಂದು ಊರಿನ ದೊಡ್ಡ ರೈತರೊಬ್ಬರು ಹರಾಜಿನಲ್ಲಿ ಈ ಗಾಡಿ ತಂದಿದ್ದರು. ಹಗಲು ಬಾಡಿಗೆಗೆ ಗದ್ದೆ ಮಟ್ಟ ಮಾಡುತ್ತಿದ್ದ ಗಾಡಿ, 1975ರ ಬೇಸಿಗೆಯಲ್ಲಿ ಹತ್ತು ರಾತ್ರಿ ಈ ಮೈದಾನದಲ್ಲಿ ಓಡಿತು. ಡೀಸೆಲ್ ಯಜಮಾನರದ್ದು. ನಿದ್ದೆಗೆಟ್ಟು ಓಡಿಸಿದವರು ಊರೆಲ್ಲ 'ಡ್ರೈವರಜ್ಜ' ಎಂದು ಕರೆಯುವ ನಮ್ಮ ಹಿರಿಯರು. ಅವರು ಕೂಲಿ ತೆಗೆದುಕೊಳ್ಳಲಿಲ್ಲ. ಅವರು ಈಗ ಮೊದಲ ಸಾಲಿನಲ್ಲೇ ಕೂತಿದ್ದಾರೆ.

ನಾವೆಲ್ಲ ಕೊಕ್ಕೊ ಆಡಿದ, ಸ್ವಾತಂತ್ರ್ಯ ದಿನದ ಕವಾಯತು ಮಾಡಿದ ನೆಲ ಆ ಹತ್ತು ರಾತ್ರಿಗಳಲ್ಲಿ ಆದದ್ದು.

1991ರ ಹೊತ್ತಿಗೆ ಗಾಡಿ ನಿಂತಿತು. ಬಿಡಿಭಾಗ ಸಿಗುತ್ತಿರಲಿಲ್ಲ. ಮುಂದೆ ಜೆಸಿಬಿಗಳು ಬಂದವು. ಕಣದ ಮೂಲೆಯಲ್ಲಿ ನಿಂತ ಗಾಡಿಯ ಸುತ್ತ ಜಾಲಿ ಬೆಳೆಯಿತು. 2022ರ ದೀಪಾವಳಿಗೆ ಊರಿಗೆ ಬಂದಾಗ ಗುಜರಿಯವರು ತೂಕದ ಲೆಕ್ಕದಲ್ಲಿ 1,80,000 ರೂಪಾಯಿಗೆ ಕೇಳಿದ್ದಾರೆ ಎಂಬ ಸುದ್ದಿ ಗೊತ್ತಾಯಿತು. ಗ್ಯಾಸ್ ಕಟ್ಟರ್ ತಂದು ಕತ್ತರಿಸುವುದಷ್ಟೇ ಬಾಕಿ. ಯಜಮಾನರ ಮೊಮ್ಮಗ ನನ್ನ ಸಹಪಾಠಿ. ಅವನ ಮನೆಗೆ ಆ ದುಡ್ಡು ಬೇಕಾಗಿತ್ತು, ಅದರಲ್ಲಿ ತಪ್ಪೇನೂ ಇಲ್ಲ. ಅಷ್ಟೇ ಹಣ ನಾವು ಕೊಡುತ್ತೇವೆ, ಗಾಡಿ ಶಾಲೆಗಿರಲಿ ಎಂದು ಹನ್ನೊಂದು ಜನ ಗೆಳೆಯರು ಸೇರಿ ಕೊಂಡೆವು.

ಆಗ ಸಭೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎದ್ದು ಕೇಳಿದರು: "ಅಲ್ಲಪ್ಪಾ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ, ಲ್ಯಾಬಿನಲ್ಲಿ ಬೀಕರ್ ಇಲ್ಲ. ನೀವು ತುಕ್ಕು ಕಬ್ಬಿಣಕ್ಕೆ ಲಕ್ಷ ಸುರೀತೀರಾ?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಎರಡು ಕಟ್ಟು ಮಾಡಿಕೊಂಡೆವು. ಮಹೋತ್ಸವದ ನಿಧಿಯಿಂದ ಈ ಕೆಲಸಕ್ಕೆ ಒಂದು ರೂಪಾಯಿಯೂ ಬರಕೂಡದು, ಅದು ಶೌಚಾಲಯಕ್ಕೆ ಮತ್ತು ಲ್ಯಾಬಿಗೆ. ಎರಡನೆಯದು, ನಮ್ಮ ಖರ್ಚಿನ ಲೆಕ್ಕ ಪ್ರತಿ ತಿಂಗಳು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಗಾಡಿಯ ಬೆಲೆಯೂ ಸೇರಿ ಒಟ್ಟು 3,54,000 ರೂಪಾಯಿ ಆಯಿತು. ಆ ಹಾಳೆ ಈಗಲೂ ಅಲ್ಲೇ ಇದೆ, ನೋಡಬಹುದು.

ಮುಳ್ಳು ಕಡಿದು, ತುಕ್ಕು ಕೆರೆದ ಮೇಲೆ ಇಂಜಿನ್ ಪಕ್ಕದ ತಗಡಿನ ಪಟ್ಟಿಯಲ್ಲಿ ನಂಬರ್ ಕಂಡಿತು. ಮೊದಲ ಎರಡು ಅಕ್ಷರ '7ಯು'. ಅಂದರೆ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಡಿ-4 ಗಾಡಿ. 1947ರಿಂದ 1959ರವರೆಗೆ ತಯಾರಾದ ಮಾದರಿ. ನಮ್ಮ ರಾಜ್ಯದ ಬೆಮಲ್ ಸಂಸ್ಥೆ ಸ್ಥಾಪನೆಯಾದದ್ದೇ 1964ರಲ್ಲಿ. ಅದಕ್ಕೂ ಹಿಂದಿನ ಗಾಡಿ ಇದು.

ಮಕ್ಕಳಿಗೆ ಒಂದು ಮಾತು. ಚೈನಿನ ಮೇಲೆ ಓಡುವ ಗಾಡಿ ಹುಟ್ಟಿದ್ದೇ ಕೆಸರಿನಿಂದ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಮುತ್ತ ಮೆತ್ತನೆಯ ಮಣ್ಣಿನಲ್ಲಿ ಉಗಿ ಟ್ರ್ಯಾಕ್ಟರುಗಳ ಚಕ್ರ ಹೂತು ಹೋಗುತ್ತಿದ್ದವು. 1904ರಲ್ಲಿ ಬೆಂಜಮಿನ್ ಹೋಲ್ಟ್ ಎಂಬಾತ ಹಿಂದಿನ ಚಕ್ರ ಬಿಚ್ಚಿ, ಮರದ ಹಲಗೆ ಜೋಡಿಸಿದ ಚೈನ್ ಹಾಕಿ ಓಡಿಸಿ ನೋಡಿದ. ಭಾರ ಅಗಲಕ್ಕೆ ಹಂಚಿಹೋಯಿತು, ಗಾಡಿ ಹೂಳಲಿಲ್ಲ. ಅವನ ಕಂಪನಿಯೂ ಬೆಸ್ಟ್ ಎಂಬುವರ ಕಂಪನಿಯೂ 1925ರಲ್ಲಿ ಸೇರಿ ಕ್ಯಾಟರ್‌ಪಿಲ್ಲರ್ ಆಯಿತು. ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ವಿಜ್ಞಾನದಲ್ಲಿ ಬಾಯಿಪಾಠ ಮಾಡುತ್ತೀರಲ್ಲ, ಅದು ಇದೇ. ಗದ್ದೆ ಬದುವಿನ ಕೆಸರಿಗೆ ಹಲಗೆ ಹಾಕಿ ದಾಟುವ ನಿಮ್ಮ ಅಪ್ಪನಿಗೂ ಇದು ಗೊತ್ತು.

ಕೆಲಸ ಶುರು ಮಾಡುವ ಮೊದಲ ದಿನ ಡ್ರೈವರಜ್ಜನನ್ನು ಕರೆತಂದೆವು. ವಯಸ್ಸು ಎಂಬತ್ತರ ಮೇಲೆ, ಕಣ್ಣು ಮಂಜು. ಗಾಡಿಯ ಸುತ್ತ ಕೈಯಾಡಿಸಿಕೊಂಡು ಒಂದು ಸುತ್ತು ಬಂದರು. "ಗಾಡಿ ಸತ್ತಿಲ್ಲ ತಮ್ಮಾ, ಕುಂತೈತಿ ಅಷ್ಟೆ. ಕುಂತಿದ್ದನ್ನ ಎಬ್ಬಿಸ್ಬೇಕಂದ್ರೆ ಜಗ್ಗಬಾರ್ದು, ಕೈ ಕೊಡಬೇಕು" ಅಂದರು. ಮುಂದಿನ ಹದಿನಾಲ್ಕು ತಿಂಗಳು ನಮಗೆ ಅದೇ ಮಂತ್ರವಾಯಿತು.

ಸೈಲೆನ್ಸರ್ ಕೊಳವೆಯ ಮೇಲೆ ಮುಚ್ಚಿದ್ದ ಡಬ್ಬ ಯಾವಾಗಲೋ ಬಿದ್ದು ಮಳೆನೀರು ಒಳಗೆ ಇಳಿದಿತ್ತು. ನಾಲ್ಕು ಸಿಲಿಂಡರ್‌ಗಳಲ್ಲಿ ಎರಡು ಹಿಡಿದುಕೊಂಡಿದ್ದವು. ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಬಿಡುತ್ತದೆ ಎಂದು ಹಲವರು ಹೇಳಿದರು. ಅಜ್ಜ ಒಪ್ಪಲಿಲ್ಲ. ಹಾಗೆ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ರಿಂಗ್ ಮುರಿದು ಲೈನರ್ ಗೀರುತ್ತದೆ. ಡೀಸೆಲ್, ತೆಳು ಎಣ್ಣೆ, ಥಿನ್ನರ್ ಬೆರೆಸಿ ಮೇಲಿನಿಂದ ಸುರಿದು ಮೂರು ವಾರ ಬಿಟ್ಟೆವು. ಆಮೇಲೆ ಫ್ಲೈವೀಲಿನ ಹಲ್ಲಿಗೆ ಹಾರೆ ಕೊಟ್ಟು, ಹಿಂದೆ ಕೂದಲೆಳೆ, ಮುಂದೆ ಕೂದಲೆಳೆ ಅಲುಗಿಸಿದೆವು. ಆರನೆಯ ಭಾನುವಾರ ಪೂರ್ತಿ ಒಂದು ಸುತ್ತು ತಿರುಗಿತು. ಆಮೇಲೆ ಹೆಡ್ ಬಿಚ್ಚಿ ನೋಡಿದರೆ ಮೂರು ಲೈನರ್ ಉಜ್ಜಿದರೆ ಸಾಕಿತ್ತು, ಒಂದನ್ನು ತುಕ್ಕು ತಿಂದುಬಿಟ್ಟಿತ್ತು.

ಆ ಲೈನರ್ ಎಲ್ಲೂ ಸಿಗಲಿಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಇದ್ದದ್ದು ನಿಮಗೆಲ್ಲ ಗೊತ್ತು. ಅಲ್ಲಿ ಕೆಲಸ ಕಲಿತ ಹಿರಿಯರೊಬ್ಬರು ಸಣ್ಣ ಲೇತ್ ಶಾಪ್ ಇಟ್ಟುಕೊಂಡಿದ್ದಾರೆ. ಹಳೆಯ ಲೈನರ್ ಅಳತೆ ತೆಗೆದುಕೊಂಡು ಎರಕದ ಕಬ್ಬಿಣದಲ್ಲಿ ಹೊಸದನ್ನು ಟರ್ನಿಂಗ್ ಮಾಡಿಕೊಟ್ಟರು. ಮೈಕ್ರೋಮೀಟರ್ ಹಿಡಿದು ನಾನು ಅಳೆದು ಹೇಳುವ ಮೊದಲೇ ಬೆರಳಾಡಿಸಿ "ಇನ್ನೊಂದು ಎಳೆ ತೆಗೀಬೇಕು" ಎನ್ನುತ್ತಿದ್ದರು. ಮೈಕ್ರೋಮೀಟರೂ ಅದನ್ನೇ ಹೇಳುತ್ತಿತ್ತು.

ಈ ಗಾಡಿಯ ಒಂದು ವಿಶೇಷ, ಇದಕ್ಕೆ ಎರಡು ಇಂಜಿನ್. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದಾಗ ಅದರೊಳಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ತಣ್ಣಗಿರುವ ದೊಡ್ಡ ಇಂಜಿನ್ ಅನ್ನು ಅಷ್ಟು ಬಲವಾಗಿ ತಿರುಗಿಸಲು ಆಗಿನ ಬ್ಯಾಟರಿಗಳನ್ನು ನಂಬುವಂತಿರಲಿಲ್ಲ. ಅದಕ್ಕೆ ಪಕ್ಕದಲ್ಲೇ ಎರಡು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಕೂರಿಸಿದರು. ಇಂಗ್ಲಿಷಿನಲ್ಲಿ ಪೋನಿ ಮೋಟಾರ್, ನಮ್ಮೂರಲ್ಲಿ 'ಮರಿ ಇಂಜಿನ್'. ಹಗ್ಗ ಸುತ್ತಿ ಎಳೆದು ಮರಿಯನ್ನು ಹೊರಡಿಸಬೇಕು. ಎರಡಕ್ಕೂ ನೀರು ಒಂದೇ ಆದ್ದರಿಂದ ಮರಿ ಕಾದಂತೆ ತಾಯಿಯೂ ಕಾಯುತ್ತದೆ. ಮರಿಯ ಹೊಗೆ ತಾಯಿಯ ಗಾಳಿ ದಾರಿಯನ್ನು ಬೆಚ್ಚಗೆ ಮಾಡುತ್ತದೆ. ಕಂಪ್ರೆಷನ್ ಬಿಟ್ಟ ಸ್ಥಿತಿಯಲ್ಲಿ ದೊಡ್ಡದನ್ನು ತಿರುಗಿಸಿ, ಆಯಿಲ್ ಪ್ರೆಷರ್ ಬಂದ ಮೇಲೆ ಕಂಪ್ರೆಷನ್ ಹಾಕಿ, ಡೀಸೆಲ್ ಕೊಡಬೇಕು. ಈ ಕ್ರಮ ಅಜ್ಜನಿಗೆ ಹೆಸರು ಹೇಳಿದಷ್ಟು ಸಲೀಸು.

ಮರಿ ಇಂಜಿನ್ ನಮ್ಮನ್ನು ಎರಡು ತಿಂಗಳು ಕಾಡಿಸಿತು. ಹೊರಡುತ್ತದೆ, ಐದು ನಿಮಿಷಕ್ಕೆ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಹೊರಡುತ್ತದೆ. ಭಾನುವಾರ ಬರುತ್ತಿದ್ದ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೆವು. ಏನು ಮಾಡಿದೆವು, ಎಷ್ಟು ಹೊತ್ತು ಓಡಿತು, ಹೇಗೆ ನಿಂತಿತು, ಎಲ್ಲ ಬರೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ಕಂಪನಿಗಳಲ್ಲಿ ಹಳೆಯ ಪ್ರೋಗ್ರಾಂ ರಿಪೇರಿ ಮಾಡುವಾಗಲೂ ಇದೇ ನಿಯಮ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪುಟಗಳನ್ನು ತಿರುವಿ ಹೇಳಿದಳು: "ಅಣ್ಣಾ, ಪೆಟ್ರೋಲ್ ಬದಲಾಯಿಸಿದಾಗಲೂ ನಿಂತದೆ, ಪ್ಲಗ್ ಬದಲಾಯಿಸಿದಾಗಲೂ ನಿಂತದೆ. ಬಿಸಿಯಾದಾಗ ಮಾತ್ರ ಕಿಡಿ ಹಳದಿ ಅಂತ ಮೂರು ಕಡೆ ಬರೆದಿದೀವಿ." ಹೌದು! ಮ್ಯಾಗ್ನೆಟೊ ಒಳಗಿನ ಕಂಡೆನ್ಸರ್ ಬಿಸಿಗೆ ಸೋಲುತ್ತಿತ್ತು. ಹಳೆಯ ಅಂಬಾಸಿಡರ್ ಕಾರಿನ ಕಂಡೆನ್ಸರ್ ಹಾಕಿದೆವು. ಕಿಡಿ ನೀಲಿಯಾಯಿತು, ಮರಿ ಇಂಜಿನ್ ಮತ್ತೆ ನಿಲ್ಲಲಿಲ್ಲ. ಆ ಹುಡುಗಿ ಇದೇ ಸಭೆಯಲ್ಲಿದ್ದಾಳೆ. ಅವಳಿಗೊಂದು ಚಪ್ಪಾಳೆ.

ದೊಡ್ಡ ಇಂಜಿನ್ ಹೊರಡಿಸುವ ಮುಂಚೆ ಅಜ್ಜ ಒಂದು ಪರೀಕ್ಷೆ ಹೇಳಿದರು. ಡೀಸೆಲ್ ಪಂಪಿನಲ್ಲಿ ಎಷ್ಟು ಎಣ್ಣೆ ಹೋಗಬೇಕೆಂದು ನಿಯಂತ್ರಿಸುವ ರ‍್ಯಾಕ್ ಎಂಬ ಸರಳು ಇದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಅಂಟಿಕೊಂಡಿರುತ್ತದೆ. ಪೂರ್ತಿ ತೆರೆದ ಸ್ಥಿತಿಯಲ್ಲಿ ಅಂಟಿದ್ದರೆ ಇಂಜಿನ್ ಹುಚ್ಚು ವೇಗದಲ್ಲಿ ಓಡಿ ಒಡೆದುಹೋಗಬಹುದು. ನಿಲ್ಲಿಸಲು ಕೀಲಿ ಇಲ್ಲ, ತೆಗೆಯಲು ಕಿಡಿಯೂ ಇಲ್ಲ. ಪಂಪ್ ಬಿಚ್ಚಿ ತೊಳೆದು, ರ‍್ಯಾಕ್ ಬೆರಳಲ್ಲಿ ನೂಕಿದರೆ ಜಾರುವಂತೆ ಮಾಡಿದೆವು. ಆದರೂ ಗಾಳಿ ದಾರಿಗೆ ಮುಚ್ಚಲು ಒಂದು ಹಲಗೆ ಹಿಡಿದು ಒಬ್ಬನನ್ನು ನಿಲ್ಲಿಸಿದೆವು. ಮಕ್ಕಳನ್ನು ಬೇಲಿಯ ಆಚೆ ಕಳಿಸಿದೆವು. ಸ್ಟಿಯರಿಂಗ್ ಕ್ಲಚ್‌ಗಳನ್ನು ಬಿಚ್ಚಿದ ದಿನವೂ ಮಕ್ಕಳಿಗೆ ರಜೆ ಕೊಟ್ಟಿದ್ದೆವು. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಎದೆಗೆ ಹೋಗಬಾರದು. ಮುಖಕ್ಕೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ ದೊಡ್ಡವರೇ ತೆಗೆದೆವು.

2024ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮರಿ ಇಂಜಿನ್ ಇಪ್ಪತ್ತು ನಿಮಿಷ ತಾಯಿಯನ್ನು ತಿರುಗಿಸಿತು. ಮೊದಲು ಬಿಳಿ ಹೊಗೆ ಬಂತು. ಒಂದು ಸಿಲಿಂಡರ್ 'ಡಬ್' ಎಂದಿತು, ಆಮೇಲೆ ಎರಡು. ಅಜ್ಜ ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. "ಮೂರನೇದು ಇನ್ನೂ ಎದ್ದಿಲ್ಲ, ಅದರ ಪೈಪಿನಾಗೆ ಗಾಳಿ ಐತಿ" ಅಂದರು. ಆ ಪೈಪಿನ ನಟ್ ಸಡಿಲಿಸಿದಾಗ ಬುರುಗು ಬಂತು, ಬಿಗಿ ಮಾಡಿದೆವು. ನಾಲ್ಕೂ ಸೇರಿ ಓಡಿದವು. ಯಾರೂ ಕೂಗಲಿಲ್ಲ, ಎಲ್ಲರೂ ಅಜ್ಜನ ಮುಖ ನೋಡುತ್ತಿದ್ದೆವು. ಅವರು ತಲೆಯ ಟವೆಲ್ ತೆಗೆದು ಕೈ ಒರೆಸಿಕೊಂಡು "ಈಗ ಕ್ಲಚ್ ನೋಡ್ರಿ" ಅಂದರು, ಅಷ್ಟೆ.

ಹೋದ ವಾರ ನೀವು ನೋಡಿದ್ದೀರಿ. ಮಳೆಗೆ ಕೊರಕಲು ಬಿದ್ದಿದ್ದ ಮೈದಾನವನ್ನು ಅದೇ ಬ್ಲೇಡು ನಲವತ್ತು ನಿಮಿಷದಲ್ಲಿ ಮಟ್ಟ ಮಾಡಿತು. ನೀವು ಈಗ ಕೂತಿರುವುದು ಆ ನೆಲದ ಮೇಲೆ.

ಇಷ್ಟರಿಂದ ಏನು ಸಿಕ್ಕಿತು ಎಂದು ಕೇಳಿದರೆ, ಗಾಡಿ ಸಿಕ್ಕಿತು ಎನ್ನುವುದು ಸಣ್ಣ ಉತ್ತರ. ನಾನು ದಾವಣಗೆರೆಯಲ್ಲಿ ಬಿಇ ಓದಿದೆ. ಪುಸ್ತಕ, ಮಾನ್ಯುಯಲ್ ಓದಿ ಗಾಡಿಯ ಅರ್ಧ ತಿಳಿಯಿತು. ಉಳಿದ ಅರ್ಧ ನಾಲ್ಕನೇ ಇಯತ್ತೆ ಓದಿದ ಒಬ್ಬರ ಅಂಗೈಯಲ್ಲಿತ್ತು. ಗುಜರಿಯವರು ತೂಕ ಹಾಕಿದ್ದು ಕಬ್ಬಿಣಕ್ಕೆ ಮಾತ್ರ. ನಾವು ಇನ್ನೈದು ವರ್ಷ ತಡ ಮಾಡಿದ್ದರೆ ಆ ಅಂಗೈಯ ವಿದ್ಯೆ ಯಾರ ಕೈಗೂ ಸಿಗುತ್ತಿರಲಿಲ್ಲ. ನಿಮ್ಮ ಮನೆಗಳಲ್ಲೂ ಇಂಥವರಿದ್ದಾರೆ. ಕೂರಿಗೆ ಕಟ್ಟುವವರು, ಪಂಪ್ ಬಿಚ್ಚುವವರು, ಮಗ್ಗ ನೇಯುವವರು. ಮಕ್ಕಳೇ, ಅವರ ಪಕ್ಕ ಕೂತು ಕೇಳಿ, ಕೇಳಿದ್ದನ್ನು ಬರೆದಿಡಿ.

ಕೊನೆಯದಾಗಿ ಸಮಿತಿಯವರಲ್ಲಿ ಎರಡು ಕೋರಿಕೆ. ಒಂದು, ಗಾಡಿಯನ್ನು ಬಣ್ಣ ಹೊಡೆದು ನಿಲ್ಲಿಸುವ ಗೊಂಬೆ ಮಾಡಬೇಡಿ. ನಿಂತರೆ ಮತ್ತೆ ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ ದೊಡ್ಡವರ ಉಸ್ತುವಾರಿಯಲ್ಲಿ ಹೊರಡಿಸಿ, ಮಕ್ಕಳ ನೋಟ್‌ಬುಕ್ ಮುಂದುವರಿಯಲಿ. ಡೀಸೆಲ್ ಖರ್ಚು ಹನ್ನೊಂದು ಜನರದ್ದು.

ಎರಡನೆಯದು, ಕಚೇರಿಯ ಗೋಡೆಯಲ್ಲಿ ದಾನಿಗಳ ಕಲ್ಲಿದೆ. ಜಾಗ ಕೊಟ್ಟವರು, ಕಟ್ಟಡಕ್ಕೆ ಹಣ ಕೊಟ್ಟವರು, ಡೀಸೆಲ್ ಕೊಟ್ಟ ಯಜಮಾನರು, ಎಲ್ಲರ ಹೆಸರೂ ಇದೆ. ಇರಬೇಕಾದದ್ದೇ. ಹತ್ತು ರಾತ್ರಿ ಕೂಲಿಯಿಲ್ಲದೆ ದುಡಿದವರ ಹೆಸರು ಅಲ್ಲಿಲ್ಲ. ಮಹೋತ್ಸವಕ್ಕೆ ಹೊಸ ಕಲ್ಲು ಕೆತ್ತಿಸುತ್ತಿದ್ದೀರಿ. ಅದರಲ್ಲಿ ಒಂದು ಸಾಲು ಅವರಿಗಿರಲಿ. 'ಡ್ರೈವರಜ್ಜ' ಎಂದಲ್ಲ, ತಂದೆತಾಯಿ ಇಟ್ಟ ಪೂರ್ತಿ ಹೆಸರು ಇರಲಿ. ಅವರು ಓದಲಾರರು, ಆದರೆ ಕೆತ್ತಿದ ಅಕ್ಷರ ಕೈಗೆ ತಿಳಿಯುತ್ತದೆ.